ಹೊಳೆ ನೆರೆ ಬೇರೆ, ಬೀದಿ ನೆರೆ ಬೇರೆ: ಶಿವಮೊಗ್ಗದ ಮಳೆನೀರಿಗೆ ಹಸಿರು ದಾರಿ

ಜುಲೈ ಬಂತೆಂದರೆ ಶಿವಮೊಗ್ಗದಲ್ಲಿ ಒಂದು ಪ್ರಶ್ನೆ ಬಾಯಿಂದ ಬಾಯಿಗೆ ಓಡಾಡುತ್ತದೆ. "ಮಂಟಪ ಮುಳುಗಿತಾ?" ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ಪಾತ್ರದಲ್ಲಿರುವ ಕಲ್ಲಿನ ಮಂಟಪ ಅದು. ಅದು ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ಜನ ಸೇತುವೆ ಮೇಲೆ ನಿಂತು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಬಾಗಿನ ಬಿಡುತ್ತಾರೆ. ಇಷ್ಟು ಸರಳವಾದ ಅಳತೆಗೋಲು ಎಷ್ಟು ಊರಿಗಿದೆ ಹೇಳಿ.

ಆದರೆ ಮಂಟಪ ಮುಳುಗದ ದಿನವೂ ಊರೊಳಗೆ ನೀರು ನುಗ್ಗುತ್ತದೆ. ಮೇ ತಿಂಗಳಲ್ಲಿ, ಹೊಳೆಯ ಬಂಡೆಗಳು ಇನ್ನೂ ಬಿಸಿಲು ಕಾಯುತ್ತಿರುವಾಗಲೇ, ಸಂಜೆ ಗುಡುಗಿ ಒಂದು ಅಡ್ಡಮಳೆ ಹೊಯ್ಯುತ್ತದೆ. ಮುಕ್ಕಾಲು ಗಂಟೆ, ಅಷ್ಟೇ. ತಗ್ಗಿನ ಬೀದಿಗಳಲ್ಲಿ ಮೊಣಕಾಲುದ್ದ ನೀರು. ಸ್ಕೂಟರ್ ಬಂದ್, ಅಂಗಡಿಯ ಮೆಟ್ಟಿಲು ದಾಟಿ ಒಳಗೆಲ್ಲ ಕೆಸರು. ಎರಡನ್ನೂ ನಾವು ನೆರೆ ಅಂತಲೇ ಕರೆಯುತ್ತೇವೆ. ಆದರೆ ಒಂದು ಹೊಳೆ ನೆರೆ, ಇನ್ನೊಂದು ಬೀದಿ ನೆರೆ. ಕಾರಣವೂ ಬೇರೆ, ಪರಿಹಾರವೂ ಬೇರೆ. ಈಚೆಗೆ ಎಲ್ಲ ಕಡೆ ಕೇಳಿಬರುವ "ಹಸಿರು ಮೂಲಸೌಕರ್ಯ" (ಮಣ್ಣು, ಗಿಡ, ಹುಲ್ಲಿನಿಂದ ಮಳೆನೀರನ್ನು ತಡೆದು ನಿಧಾನ ಮಾಡುವ ಏರ್ಪಾಡು) ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅನ್ನೋದು ಗೊತ್ತಾಗಬೇಕಾದರೆ ಮೊದಲು ಇವೆರಡನ್ನು ಬಿಡಿಸಿ ನೋಡಬೇಕು.

ಹೊಳೆ ನೆರೆ ನಮ್ಮ ಊರಿನ ಮಳೆಯಿಂದ ಬರುವುದಲ್ಲ. ತುಂಗೆ ಹುಟ್ಟುವುದು ಗಂಗಾಮೂಲದಲ್ಲಿ. ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ ದಾಟಿಕೊಂಡು ಬರುತ್ತಾಳೆ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿವಮೊಗ್ಗ ಇರುವುದು ಮಲೆನಾಡಿನ ಬಾಗಿಲಲ್ಲಿ. ಇಲ್ಲಿನ ಮಳೆ ಅದರ ಎಷ್ಟೋ ಪಾಲು ಕಡಿಮೆ. ಅಂದರೆ ಊರಲ್ಲಿ ಬರೀ ಜಿಟಿಜಿಟಿ ಇದ್ದರೂ ಮೇಲೆ ಸುರಿದದ್ದು ನಮ್ಮ ಬಾಗಿಲಿಗೆ ಬರುತ್ತದೆ. ಊರಿನ ಮೇಲ್ಭಾಗದಲ್ಲಿ ಗಾಜನೂರು ಅಣೆಕಟ್ಟು ಇದೆಯಲ್ಲ ಅನ್ನಬಹುದು. ಅದರ ಸಾಮರ್ಥ್ಯ 3.24 ಟಿಎಂಸಿ ಮಾತ್ರ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). 80,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ 80,000 ಘನ ಅಡಿ, ಒಳಹರಿವು ಇದೆ ಅಂದುಕೊಳ್ಳಿ. ಖಾಲಿ ಜಲಾಶಯವೇ ಆಗಿದ್ದರೂ ಹನ್ನೊಂದು ಚಿಲ್ಲರೆ ಗಂಟೆಯಲ್ಲಿ ತುಂಬಿಬಿಡುತ್ತದೆ. ಆಮೇಲೆ ಬಂದಷ್ಟನ್ನೂ ಬಿಡಲೇಬೇಕು. 2019ರ ಆಗಸ್ಟ್‌ನಲ್ಲಿ ಹೊಳೆ ದಂಡೆಯ ಬಡಾವಣೆಗಳಿಗೆ ನೀರು ಹೊಕ್ಕಾಗ, ಊರಲ್ಲಿ ಮನೆಗೊಂದು ಇಂಗುಗುಂಡಿ ಇದ್ದಿದ್ದರೂ ಏನೂ ಉಪಯೋಗ ಆಗುತ್ತಿರಲಿಲ್ಲ. ಹೊಳೆ ನೆರೆಗೆ ಬೇಕಾದ್ದು ಹೊಳೆಗೆ ಜಾಗ ಬಿಡುವುದು, ಸಮಯಕ್ಕೆ ಸರಿಯಾಗಿ ಎಚ್ಚರಿಕೆ ಕೊಡುವುದು, ತಡೆಗೋಡೆ. ಗಿಡ ನೆಟ್ಟು ಅದನ್ನು ನಿಲ್ಲಿಸುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೀದಿ ನೆರೆ ಪೂರ್ತಿ ನಮ್ಮದೇ ಕೈಕೆಲಸ. ಊರೊಳಗೆ ಬಿದ್ದ ಮಳೆ ಊರೊಳಗೇ ಸಿಕ್ಕಿಹಾಕಿಕೊಳ್ಳುವುದು. ಈ ಲೇಖನ ಅದರ ಬಗ್ಗೆ.

ಗದ್ದೆ ಹೋಯಿತು, ನೀರಿನ ಜಾಗವೂ ಹೋಯಿತು

ಚರಂಡಿ ಸಣ್ಣದಾಯಿತು, ಹೂಳು ತುಂಬಿತು, ಪ್ಲಾಸ್ಟಿಕ್ ಸಿಕ್ಕಿಕೊಂಡಿತು. ನೀರು ನಿಂತಾಗ ನಾವು ಹೇಳುವ ಕಾರಣಗಳು ಇವೇ. ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಚರಂಡಿಗೆ ಬರುವ ಮೊದಲೇ ಇದೆ.

ಶಿವಮೊಗ್ಗದ ಸುತ್ತ ಹೊಸ ಬಡಾವಣೆಗಳಲ್ಲಿ ಎಷ್ಟೋ ಜಾಗ ಒಂದು ಕಾಲಕ್ಕೆ ಗದ್ದೆ. ಕೆಲವು ಕಡೆ ತುಂಗಾ ಚಾನಲ್ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದ ಗದ್ದೆ. ಗದ್ದೆಗೆ ಬದು ಇರುತ್ತದೆ. ಬದುವಿನೊಳಗೆ ನಾಲ್ಕು ಇಂಚು ನೀರು ನಿಂತರೆ ಒಂದು ಎಕರೆಯಲ್ಲಿ ಸುಮಾರು 4 ಲಕ್ಷ ಲೀಟರ್. ಮಳೆ ಜೋರಾಗಿ ಬಂದಾಗ ಆ ನೀರು ಗದ್ದೆಯಲ್ಲೇ ನಿಂತು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಮೆಲ್ಲಗೆ ಇಳಿದು, ಸಾವಕಾಶ ಹಳ್ಳ ಸೇರುತ್ತಿತ್ತು. ಅದಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಲೇಔಟ್ ಆದಾಗ ಬದು ಹೋಯಿತು, ಮೇಲೆ ಮಣ್ಣು ಬಿತ್ತು, ರೋಲರ್ ಓಡಿತು. ನಾವು ಕಳೆದುಕೊಂಡದ್ದು ಬರೀ ಭತ್ತ ಅಲ್ಲ. ಎಕರೆಗೆ 4 ಲಕ್ಷ ಲೀಟರ್ ನೀರು ನಿಲ್ಲುವ ಜಾಗ.

ಈಗ 25 ಎಕರೆಯ ಒಂದು ಬಡಾವಣೆ ತೆಗೆದುಕೊಳ್ಳೋಣ. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಬಂತು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ಈ ಲೆಕ್ಕ ಒಂದು ನೆನಪಿದ್ದರೆ ಸಾಕು. 25 ಎಕರೆ ಅಂದರೆ ಸುಮಾರು ಒಂದು ಲಕ್ಷ ಚದರ ಮೀಟರ್. ಒಟ್ಟು ಬಿದ್ದದ್ದು 50 ಲಕ್ಷ ಲೀಟರ್. ಮಣ್ಣು, ಹುಲ್ಲು, ಮರ ಇರುವ ಜಾಗವಾದರೆ ಅದರಲ್ಲಿ ಹತ್ತರಲ್ಲಿ ಸುಮಾರು ಮೂರು ಪಾಲು ಹರಿದು ಹೋಗುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ತಾರಸಿ, ಕಾಂಕ್ರೀಟ್ ರಸ್ತೆ, ಟೈಲ್ಸ್ ಹಾಕಿದ ಅಂಗಳ ತುಂಬಿದ ಬಡಾವಣೆಯಾದರೆ ಹತ್ತರಲ್ಲಿ ಎಂಟು ಪಾಲು. ಮೊದಲು ಸೆಕೆಂಡಿಗೆ 420 ಲೀಟರ್ ಹೊತ್ತರೆ ಸಾಕಿದ್ದ ಮೋರಿ ಈಗ 1,100 ಲೀಟರ್ ಹೊರಬೇಕು. ಮೋರಿ ಮಾತ್ರ ಅದೇ.

ಹಾಗಾದರೆ ಮೋರಿಯನ್ನೇ ದೊಡ್ಡದು ಮಾಡಿದರೆ? ಮಾಡಬಹುದು. ನಾವು ಮಾಡುತ್ತಿರುವುದೂ ಅದನ್ನೇ. ರಸ್ತೆಗೆ ಬಾಕ್ಸ್ ಡ್ರೈನ್, ಮೇಲೆ ಸ್ಲ್ಯಾಬ್, ಅದರ ಮೇಲೆ ಫುಟ್‌ಪಾತ್. ನಿಮ್ಮ ಬೀದಿಯ ನೀರು ಬೇಗ ಹೋಗುತ್ತದೆ, ನಿಜ. ಹೋಗಿ ಕೆಳಗಿನ ಬೀದಿಗೆ ಬೇಗ ತಲುಪುತ್ತದೆ. ಅಲ್ಲಿಗೆ ನಾಲ್ಕು ಬಡಾವಣೆಯ ನೀರು ಒಂದೇ ಸಮಯಕ್ಕೆ ಬಂದು ಸೇರುತ್ತದೆ. ಮೇಲಿನವರ ಸಮಸ್ಯೆ ಕೆಳಗಿನವರಿಗೆ ವರ್ಗಾವಣೆ ಆಯಿತು, ಅಷ್ಟೇ.

ಹೊಳೆ ನೆರೆಗೂ ಬೀದಿ ನೆರೆಗೂ ಒಂದು ಕೊಂಡಿ ಇರುವುದು ಇಲ್ಲೇ. ತುಂಗೆ ತುಂಬಿ ಹರಿಯುವಾಗ ರಾಜಕಾಲುವೆಯ ಬಾಯಿ ಹೊಳೆಯ ಮಟ್ಟಕ್ಕಿಂತ ಕೆಳಗಾಗುತ್ತದೆ. ಒಳಗಿನ ನೀರು ಹೊರಗೆ ಹೋಗುವ ಬದಲು ಹೊಳೆಯ ನೀರೇ ಹಿಮ್ಮುಖ ಒತ್ತುತ್ತದೆ. ಆ ಹೊತ್ತಿಗೆ ಊರಲ್ಲೂ ಮಳೆ ಹೊಯ್ದರೆ ಮೋರಿ ಎಷ್ಟು ಅಗಲ ಇದ್ದರೇನು, ತುದಿ ಮುಚ್ಚಿದೆಯಲ್ಲ. ಆಗ ಉಳಿಯುವ ದಾರಿ ಒಂದೇ. ಹೊಳೆ ಇಳಿಯುವವರೆಗೆ ನೀರನ್ನು ಊರೊಳಗೇ, ಯಾರ ಮನೆಗೂ ನುಗ್ಗದ ಜಾಗದಲ್ಲಿ, ಕೆಲವು ಗಂಟೆ ನಿಲ್ಲಿಸಿಕೊಳ್ಳುವುದು.

ತೋಟದ ಕಪ್ಪು

ನೀರನ್ನು ಬೇಗ ಓಡಿಸುವ ಬದಲು ನಿಧಾನ ಮಾಡು, ಹರಡು, ಸ್ವಲ್ಪ ಹೊತ್ತು ನಿಲ್ಲಿಸು, ಆದಷ್ಟು ಇಂಗಿಸು. ಹಸಿರು ಮೂಲಸೌಕರ್ಯದ ತಿರುಳೆಲ್ಲ ಇಷ್ಟೇ. ಇದನ್ನು ಮಣ್ಣು, ಜಲ್ಲಿ, ಬೇರು, ಹುಲ್ಲಿನಿಂದ ಮಾಡುತ್ತಾರೆ. ಹಾಗಾಗಿ ಹಸಿರು ಅನ್ನುವ ಹೆಸರು.

ಮಲೆನಾಡಿನವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅಡಿಕೆ ತೋಟಕ್ಕೆ ಇಳಿದು ನೋಡಿ. ಮರಗಳ ಸಾಲಿನ ನಡುವೆ ನೀರು ಬಸಿಯಲು ಕಪ್ಪು ಅನ್ನುವ ಕಾಲುವೆ ತೋಡಿರುತ್ತಾರೆ. ಕೆಲವರು ಬಸಿಗಾಲುವೆ ಅನ್ನುತ್ತಾರೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಂತ ರಭಸವಾಗಿ ಓಡಿದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಎರಡೂ ಆಗಬಾರದು. ಅದಕ್ಕೇ ಕಪ್ಪಿನ ಇಳಿಜಾರು ಕಡಿಮೆ. ಬದಿಯಲ್ಲಿ ಹುಲ್ಲು, ತಳದಲ್ಲಿ ಒಂದಿಷ್ಟು ದರಗು (ಒಣಗಿದ ಎಲೆ). ನೀರು ಬಸಿಯುತ್ತದೆ, ಮಣ್ಣು ತಳದಲ್ಲಿ ಕೂರುತ್ತದೆ. ಮಳೆಗಾಲ ಕಳೆದ ಮೇಲೆ ಆ ಗೋಡನ್ನು ಎತ್ತಿ ಮತ್ತೆ ಮರದ ಬುಡಕ್ಕೇ ಹಾಕುತ್ತಾರೆ. ಮೇಲೆ ಸೊಪ್ಪಿನಬೆಟ್ಟದಿಂದ ಇಳಿಯುವ ನೀರು ನೇರ ತೋಟಕ್ಕೆ ನುಗ್ಗದಂತೆ ಅಗಳ, ಅಂದರೆ ಅಡ್ಡ ಕಂದಕ, ಇರುತ್ತದೆ. ಊರಿನ ರಸ್ತೆ ಬದಿಗೆ ವಿದೇಶದ ಎಂಜಿನಿಯರುಗಳು ಬರೆದುಕೊಡುವ ಹುಲ್ಲುಗಾಲುವೆಯ ನಕ್ಷೆಯನ್ನು ಈ ಕಪ್ಪಿನ ಪಕ್ಕ ಇಟ್ಟು ನೋಡಿದರೆ ಅಂಥ ವ್ಯತ್ಯಾಸ ಏನೂ ಕಾಣುವುದಿಲ್ಲ.

ನಮ್ಮ ಊರಿನ ರಸ್ತೆಗಳಲ್ಲಿ ಮಾತ್ರ ಎಲ್ಲವೂ ತಿರುವುಮುರುವು. ಯಾವುದಾದರೂ ಡಿವೈಡರ್ ನೋಡಿ. ಎರಡಡಿ ಎತ್ತರ ಕಟ್ಟೆ ಕಟ್ಟಿ, ಒಳಗೆ ಕೆಮ್ಮಣ್ಣು ತುಂಬಿ, ಗಿಡ ನೆಟ್ಟಿರುತ್ತಾರೆ. ಮಳೆ ಬಂದರೆ ಆ ಮಣ್ಣೇ ಕರಗಿ ರಸ್ತೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಅದೇ ಗಿಡಕ್ಕೆ ಟ್ಯಾಂಕರ್‌ನಲ್ಲಿ ನೀರು. ಡಿವೈಡರನ್ನು ರಸ್ತೆಗಿಂತ ಅರ್ಧ ಅಡಿ ತಗ್ಗಿಸಿ, ಅಂಚಿನ ಕಲ್ಲಿನಲ್ಲಿ ಅಲ್ಲಲ್ಲಿ ಒಂದೂವರೆ ಅಡಿ ಸಂದು ಬಿಟ್ಟರೆ ರಸ್ತೆಯ ನೀರು ಗಿಡದ ಬುಡಕ್ಕೆ ಬರುತ್ತದೆ. ರಸ್ತೆಯ ಇಳಿಜಾರು ಆ ಕಡೆಗೆ ಇರಬೇಕು, ಅದೊಂದು ಷರತ್ತು. ನಮ್ಮ ರಸ್ತೆಗಳು ಸಾಮಾನ್ಯವಾಗಿ ನಡುವಿನಿಂದ ಬದಿಗೆ ಇಳಿಯುತ್ತವೆ. ಹಾಗಿದ್ದ ಕಡೆ ಇದೇ ಕೆಲಸವನ್ನು ಫುಟ್‌ಪಾತ್ ಪಕ್ಕದ ಗಿಡದ ಪಟ್ಟಿಯಲ್ಲಿ ಮಾಡಬೇಕು.

ಪಾರ್ಕುಗಳದ್ದೂ ಇದೇ ಕಥೆ. ಬಡಾವಣೆಯ ಪಾರ್ಕು ಅಂದರೆ ಮಣ್ಣು ಏರಿಸಿ, ಸುತ್ತ ಕಾಂಪೌಂಡ್ ಎಬ್ಬಿಸಿ, ಒಳಗೆ ವಾಕಿಂಗ್ ಪಾತ್. ರಸ್ತೆಯ ಒಂದು ಹನಿಯೂ ಒಳಗೆ ಬರುವ ಹಾಗಿಲ್ಲ. ಬದಲಿಗೆ ಪಾರ್ಕಿನ ಹುಲ್ಲುಹಾಸನ್ನು ರಸ್ತೆಗಿಂತ ಒಂದಡಿ ತಗ್ಗು ಮಾಡಿದರೆ ಏನಾಗುತ್ತದೆ? ಒಂದು ಎಕರೆಯಲ್ಲಿ 12 ಲಕ್ಷ ಲೀಟರ್ ನಿಲ್ಲುತ್ತದೆ. ಮೇಲಿನ 25 ಎಕರೆ ಬಡಾವಣೆಯಲ್ಲಿ ಆ ಒಂದು ಗಂಟೆಯಲ್ಲಿ ಹರಿದದ್ದು 40 ಲಕ್ಷ ಲೀಟರ್. ಅಲ್ಲಿ ಎರಡೂವರೆ ಎಕರೆ ಪಾರ್ಕು ಇದ್ದರೆ ಅದರಲ್ಲಿ 30 ಲಕ್ಷ ಲೀಟರ್ ಹಿಡಿಯಬಹುದು. ಕೆಳಗೊಂದು ಸಣ್ಣ ಪೈಪ್ ಇಟ್ಟು ಅದನ್ನು ರಾತ್ರಿಯಿಡೀ ಮೆಲ್ಲಗೆ ಬಿಟ್ಟರೆ ಬೆಳಗ್ಗೆ ಖಾಲಿ. ಮಕ್ಕಳಿಗೆ ಒಂದು ದಿನ ಕ್ರಿಕೆಟ್ ತಪ್ಪುತ್ತದೆ. ವಾಕಿಂಗ್ ಪಾತನ್ನು ಎತ್ತರದಲ್ಲೇ ಉಳಿಸಿಕೊಂಡರೆ ಹಿರಿಯರ ವಾಕಿಂಗೂ ತಪ್ಪುವುದಿಲ್ಲ. ನನ್ನನ್ನು ಕೇಳಿದರೆ ಶಿವಮೊಗ್ಗದಂಥ ಊರಿಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವ ಕೆಲಸ ಇದು. ಜಾಗ ಸಾರ್ವಜನಿಕರದ್ದೇ, ಯಾರ ಸೈಟನ್ನೂ ಕೇಳಬೇಕಾಗಿಲ್ಲ. ಹೊಸ ಬಡಾವಣೆಯಾದರೆ ನಕ್ಷೆ ಬರೆಯುವಾಗಲೇ ಪಾರ್ಕನ್ನು ತಗ್ಗಿನ ಮೂಲೆಗೆ ಇಟ್ಟರಾಯಿತು.

ದೂರದ ಉದಾಹರಣೆ ಬೇಕಿದ್ದರೆ ಸಿಂಗಪುರದಲ್ಲಿದೆ. ಅಲ್ಲಿ ಬಿಶಾನ್ ಪಾರ್ಕಿನ ಪಕ್ಕ ಕಲ್ಲಾಂಗ್ ನದಿಯನ್ನು ಕಾಂಕ್ರೀಟ್ ಕಾಲುವೆಯಲ್ಲಿ ಕೂಡಿಹಾಕಿದ್ದರು. ಆ ಕಾಂಕ್ರೀಟ್ ಒಡೆದು, ನದಿಗೆ ಅಂಕುಡೊಂಕಾದ ಹಸಿರು ದಂಡೆ ಮಾಡಿ, ಪಾರ್ಕಿನೊಳಕ್ಕೇ ಬಿಟ್ಟರು. 2012ರಲ್ಲಿ ಜನರಿಗೆ ತೆರೆದರು. ಮಳೆ ಇಲ್ಲದಾಗ ಸಣ್ಣ ತೊರೆ, ಜೋರು ಮಳೆಗೆ ಪಾರ್ಕಿನ ಹುಲ್ಲುಗಾವಲೇ ನದಿಯ ಪಾತ್ರ. ನೀರು ಏರುವ ಮೊದಲೇ ಸೈರನ್ ಕೂಗುತ್ತದೆ.

ಮನೆಯಂಗಳದಲ್ಲಿ

ಮೂವತ್ತು ನಲವತ್ತರ ಒಂದು ಸೈಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್. ಸಾವಿರ ಲೀಟರ್ ಟ್ಯಾಂಕ್ ಐದೂವರೆ ತುಂಬುವಷ್ಟು. ಸಾಮಾನ್ಯವಾಗಿ ಇದೆಲ್ಲ ಪೈಪಿನಲ್ಲಿ ಇಳಿದು ಗೇಟಿನ ಮುಂದಿನ ಚರಂಡಿಗೆ ಹೋಗುತ್ತದೆ. ಟ್ಯಾಂಕಿಗೋ ಸಂಪಿಗೋ ಶೋಧಿಸಿ ತುಂಬಿಕೊಂಡರೆ ಒಳ್ಳೆಯದೇ. ಆದರೆ ನಮ್ಮಲ್ಲಿ ಜೂನ್ ಕೊನೆಗೆ ಸಂಪು ತುಂಬಿರುತ್ತದೆ. ಆಮೇಲಿನ ಮಳೆ ಮತ್ತೆ ಚರಂಡಿಗೇ. ಅಲ್ಲಿ ಕೆಲಸಕ್ಕೆ ಬರುವುದು ಮಳೆತೋಟ.

ಮಳೆತೋಟ ಅಂದರೆ ತಗ್ಗಾದ ಒಂದು ಗಿಡದ ಪಾತಿ. ಎಂಟಡಿ ಹತ್ತಡಿ ಜಾಗ ಸಾಕು. ಎರಡಡಿ ಅಗೆಯಿರಿ. ಮೇಲಿನ ಅರ್ಧ ಅಡಿ ಖಾಲಿ ಬಿಟ್ಟು, ಕೆಳಗಿನ ಒಂದೂವರೆ ಅಡಿಗೆ ಅರ್ಧಕ್ಕಿಂತ ಜಾಸ್ತಿ ಮರಳು, ಉಳಿದದ್ದು ತೋಟದ ಮಣ್ಣು ಮತ್ತು ಕಾಂಪೋಸ್ಟ್ ಕಲಸಿ ತುಂಬಿ. ತಾರಸಿ ಪೈಪಿನ ನೀರು ಬೀಳುವ ಜಾಗದಲ್ಲಿ ನಾಲ್ಕು ಕಲ್ಲು ಇಡಿ, ಇಲ್ಲದಿದ್ದರೆ ಮಣ್ಣು ಕೊರೆಯುತ್ತದೆ. ಕೆರೆಗೆ ಇರುವ ಹಾಗೆ ಇದಕ್ಕೂ ಒಂದು ಕೋಡಿ ಬೇಕು. ತುಂಬಿ ಹೆಚ್ಚಾದದ್ದು ಮನೆಯ ಕಡೆಗಲ್ಲ, ಚರಂಡಿಯ ಕಡೆಗೆ ಹೋಗಬೇಕು. ಪಾಯದಿಂದ ಹತ್ತಡಿ ದೂರ ಇರಲಿ. ಅಷ್ಟು ಜಾಗ ಇಲ್ಲದ ಸೈಟಿನಲ್ಲಿ ಇದನ್ನು ಮಾಡಲೇಬೇಡಿ. ಗೇಟಿನ ಹೊರಗೆ ಅಕ್ಕಪಕ್ಕದ ಮನೆಯವರು ಸೇರಿ ಮಾಡುವುದು ವಾಸಿ.

ಸಾವಿರ ಚದರಡಿ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಂದರೆ 2,300 ಲೀಟರ್ ಆಗುತ್ತದೆ. ಮೇಲೆ ಹೇಳಿದ ಪಾತಿಯ ಖಾಲಿ ಜಾಗದಲ್ಲಿ 1,100 ಲೀಟರ್, ಮಣ್ಣಿನ ಸಂದುಗಳಲ್ಲಿ ಇನ್ನೊಂದು 800 ಲೀಟರ್ ಹಿಡಿಯುತ್ತದೆ. ಅಂದರೆ ಬಹುಪಾಲು ಅಲ್ಲೇ ನಿಂತಿತು. ಒಂದು ಮನೆ ಮಾಡಿದರೆ ಬೀದಿಗೆ ಗೊತ್ತೇ ಆಗುವುದಿಲ್ಲ. ಬೀದಿಯೇ ಮಾಡಿದರೆ ಕೆಳಗಿನ ಬೀದಿಗೆ ಗೊತ್ತಾಗುತ್ತದೆ.

ಏನು ನೆಡುವುದು? ನಾಲ್ಕು ತಿಂಗಳು ಕಾಲು ಒದ್ದೆಯಾಗಿ, ಆಮೇಲೆ ತಿಂಗಳುಗಟ್ಟಲೆ ಒಣಗಿ ನಿಲ್ಲುವ ಗಿಡ ಬೇಕು. ಲಾವಂಚ ಮೊದಲು. ಬೇರು ಆಳಕ್ಕೆ ಇಳಿದು ಮಣ್ಣಿಗೆ ದಾರಿ ಮಾಡುತ್ತದೆ. ಕಾಬಾಳೆ, ಗರಿಕೆ ಆಗುತ್ತವೆ. ಕೆಸು ಬೇಸಿಗೆಯಲ್ಲಿ ಸತ್ತ ಹಾಗೆ ಕಂಡರೂ ಮೊದಲ ಮಳೆಗೆ ಚಿಗುರುತ್ತದೆ. ರಸ್ತೆ ನೀರು ಕುಡಿದ ಕೆಸುವಿನಲ್ಲಿ ಮಾತ್ರ ಪತ್ರೊಡೆ ಮಾಡಬೇಡಿ. ಟೈರಿನ ಪುಡಿ, ಎಣ್ಣೆ, ಬ್ರೇಕಿನ ದೂಳು ಎಲ್ಲ ಮೊದಲ ಮಳೆಯಲ್ಲಿ ತೊಳೆದು ಬರುತ್ತದೆ. ಅದರಲ್ಲಿ ಸಾಕಷ್ಟನ್ನು ಈ ಪಾತಿಯ ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಅದು ಇದರ ಇನ್ನೊಂದು ಲಾಭ. ತುಂಗಾ ಪಾನ, ಗಂಗಾ ಸ್ನಾನ ಅಂತ ಹೇಳಿಕೊಂಡು ತಿರುಗುವ ನಾವು ಈ ಎಲ್ಲ ಕೊಳೆಯನ್ನು ಮೋರಿಯಲ್ಲಿ ನೇರ ತುಂಗೆಗೇ ಬಿಡುತ್ತಿದ್ದೇವೆ ಅಲ್ವಾ? ಕೂಡ್ಲಿಯಲ್ಲಿ ಭದ್ರೆ ಸೇರುವ ಹೊತ್ತಿಗೆ ಅದು ಇನ್ನೊಬ್ಬರ ಕುಡಿಯುವ ನೀರು.

ಸೊಳ್ಳೆ? ಎಲ್ಲರೂ ಕೇಳುವ ಪ್ರಶ್ನೆ, ನ್ಯಾಯವಾದದ್ದೇ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರದ ಮೇಲೆ ಬೇಕು. ಸರಿಯಾಗಿ ಮಾಡಿದ ಪಾತಿಯಲ್ಲಿ ಮಳೆ ನಿಂತು ಎರಡು ದಿನದೊಳಗೆ ನೀರು ಕಾಣಬಾರದು. ಕಂಡರೆ ಪಾತಿ ಕೆಟ್ಟಿದೆ ಅಂತ ಅರ್ಥ.

ಇಂಟರ್‌ಲಾಕ್ ಬಗ್ಗೆ ಒಂದು ಮಾತು. ಅಂಗಳಕ್ಕೆ ಸಿಮೆಂಟ್ ಬದಲು ಇಂಟರ್‌ಲಾಕ್ ಹಾಕಿಸಿದ್ದೇವೆ, ನೀರು ಇಂಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಇಂಗುವುದಿಲ್ಲ. ಕೆಳಗೆ ಗಟ್ಟಿಯಾಗಿ ರೋಲ್ ಮಾಡಿದ ಹಾಸು, ಮೇಲೆ ಎಂ-ಸ್ಯಾಂಡ್, ಕಲ್ಲುಗಳ ನಡುವೆ ಕೂದಲೆಳೆಯ ಸಂದು. ಒಂದು ಮಳೆಗಾಲದಲ್ಲಿ ಆ ಸಂದೂ ಪಾಚಿ ಕಟ್ಟುತ್ತದೆ. ನಿಜವಾಗಿ ಇಂಗಬೇಕೆಂದರೆ ಸಂದಿನಲ್ಲಿ ಪುಡಿಜಲ್ಲಿ, ಕೆಳಗೆ ಒಂದಡಿ ಬರೀ ದಪ್ಪ ಜಲ್ಲಿ ಇರಬೇಕು. ಮರಳು ಪುಡಿ ಬೆರೆಸದ ಜಲ್ಲಿಯಲ್ಲಿ ಹತ್ತಿರ ಹತ್ತಿರ ಶೇಕಡಾ 40 ಖಾಲಿ ಜಾಗ ಇರುತ್ತದೆ. ಅದೇ ನೀರಿನ ಜಾಗ. ಪಾರ್ಕಿಂಗ್ ಜಾಗಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಪಕ್ಕದಲ್ಲಿ ಬೋಳು ಕೆಮ್ಮಣ್ಣಿನ ಇಳಿಜಾರು ಇದ್ದರೆ ಬೇಡ, ಒಂದೇ ವರ್ಷದಲ್ಲಿ ಮುಚ್ಚಿಹೋಗುತ್ತದೆ.

ತಾರಸಿಯ ಮೇಲೆ ಹುಲ್ಲು ಬೆಳೆಸುವುದು ನಮ್ಮ ಕಡೆ ಅಷ್ಟು ನಡೆಯುವ ಮಾತಲ್ಲ. ಮಲೆನಾಡಿನಲ್ಲಿ ತಾರಸಿ ಸೋರಬಾರದು, ಅಡಿಕೆ ಒಣಗಬೇಕು ಅಂತ ಜನ ಮೇಲೆ ಇನ್ನೊಂದು ಶೀಟ್ ಹಾಕಿಸುತ್ತಾರೆ. ಅಂಥ ಕಡೆ ಹಸಿರು ತಾರಸಿ ಅಂದರೆ ನಗುತ್ತಾರೆ.

ಪುಷ್ಯ ಮಳೆಯ ಪರೀಕ್ಷೆ

ಬೇರೆ ಊರಿಗೆ ಬರೆದ ನಕ್ಷೆಯನ್ನು ಇಲ್ಲಿಗೆ ತಂದರೆ ಎಡವುವುದು ಎಲ್ಲಿ ಅಂದರೆ, ನಮ್ಮ ಮಣ್ಣು ಮಳೆಗಾಲದ ಮಧ್ಯಕ್ಕೆ ಇನ್ನು ನೀರು ಹಿಡಿಸದಷ್ಟು ತುಂಬಿಬಿಡುತ್ತದೆ. ಮೇ ತಿಂಗಳ ಅಡ್ಡಮಳೆಯನ್ನು ಒಣ ಮಣ್ಣು ಕುಡಿಯುತ್ತದೆ. ಆರಿದ್ರಾ, ಪುನರ್ವಸು ಕಳೆದು ಪುಷ್ಯ ಬರುವ ಹೊತ್ತಿಗೆ, ಅಂದರೆ ಜುಲೈ ಕೊನೆಗೆ, ವಾರಗಟ್ಟಲೆ ಜಡಿಮಳೆ ಹಿಡಿದಿರುತ್ತದೆ. ಸಂದುಗಳೆಲ್ಲ ತುಂಬಿ, ಅಂತರ್ಜಲ ಮೇಲೆ ಬಂದು, ಬಾವಿಯಲ್ಲಿ ಕೈಗೆ ನೀರು ಸಿಗುತ್ತದೆ. ಆಗ ಇಂಗುಗುಂಡಿ ಇಂಗಿಸುವುದಿಲ್ಲ. ಬರೀ ಗುಂಡಿಯಾಗಿರುತ್ತದೆ.

ಆದ್ದರಿಂದ ಜಾಗ ಪರೀಕ್ಷೆ ಮಾಡುವುದಾದರೆ ಬೇಸಿಗೆಯಲ್ಲಿ ಮಾಡಬೇಡಿ, ಪುಷ್ಯ ಅಥವಾ ಆಶ್ಲೇಷ ಮಳೆಯಲ್ಲಿ ಮಾಡಿ. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ ಇಳಿಯಲು ಬಿಡಿ. ಮತ್ತೆ ತುಂಬಿ, ಒಂದು ಕಡ್ಡಿಗೆ ಗುರುತು ಹಾಕಿ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಅರ್ಧ ಇಂಚಿಗಿಂತ ಜಾಸ್ತಿ ಇಳಿದರೆ ಇಂಗಿಸುವ ಪಾತಿ ಮಾಡಬಹುದು. ಕಡಿಮೆ ಇಳಿದರೆ ಪಾತಿಯ ತಳಕ್ಕೆ ಜಲ್ಲಿ ಹಾಸಿ, ತೂತುಗಳಿರುವ ಪೈಪ್ ಒಂದನ್ನು ಮಲಗಿಸಿ ಚರಂಡಿಗೆ ಜೋಡಿಸಬೇಕು. ಆಗ ಅದು ಇಂಗಿಸುವುದಲ್ಲ, ತಡೆದು ಬಿಡುವುದು. ಬೀದಿ ನೆರೆಗೆ ಅದೂ ಸಾಕು. ಗಂಟೆಯ ಹರಿವನ್ನು ಹತ್ತು ಗಂಟೆಗೆ ಹಂಚಿದರೆ ಹಳೆಯ ಮೋರಿಯೇ ಸುಧಾರಿಸಿಕೊಳ್ಳುತ್ತದೆ.

ಮಣ್ಣಿನಲ್ಲೂ ತರತರ ಇದೆ. ಗೊಚ್ಚು ಮಣ್ಣು, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಇರುವ ದಿಣ್ಣೆಯಲ್ಲಿ ನೀರು ಬೇಗ ಇಳಿಯುತ್ತದೆ. ಗದ್ದೆಯಾಗಿದ್ದ ಜಾಗ ಹಾಗಲ್ಲ. ವರ್ಷವರ್ಷವೂ ಕೆಸರು ಹೊಡೆದು, ಎತ್ತು ಟಿಲ್ಲರ್ ತುಳಿದು, ಒಂದಡಿ ಕೆಳಗೆ ಗಟ್ಟಿ ಪದರ ಆಗಿರುತ್ತದೆ. ನೀರು ಕೆಳಗೆ ಹೋಗಬಾರದು ಅಂತಲೇ ರೈತ ಮಾಡಿದ ಪದರ ಅದು. ಮೇಲೆ ಹೊಸ ಮಣ್ಣು ಹಾಕಿ ಬಡಾವಣೆ ಮಾಡಿದರೂ ಅದು ಅಡಿಯಲ್ಲಿ ಹಾಗೇ ಕೂತಿದೆ. ಅಂಥ ಕಡೆ ಇಂಗುಗುಂಡಿಗೆ ಸುಮ್ನೆ ದುಡ್ಡು ಸುರಿಯುವ ಬದಲು ತಗ್ಗಿನ ಪಾರ್ಕು ಮಾಡುವುದೇ ಸರಿ.

ಇನ್ನೊಂದು ತೊಡಕು ಕೊಳಚೆ. ಕಾಗದದ ಮೇಲೆ ಮಳೆನೀರಿನ ಚರಂಡಿ ಬೇರೆ, ಯುಜಿಡಿ (ಕೊಳಚೆಯ ಒಳಚರಂಡಿ) ಬೇರೆ. ಬೀದಿಯಲ್ಲಿ ನೋಡಿದರೆ ಬಟ್ಟೆ ಒಗೆದ ನೀರು, ಹೋಟೆಲಿನ ಮುಸುರೆ ಎಲ್ಲ ಅದೇ ಚರಂಡಿಯಲ್ಲಿ ವರ್ಷವಿಡೀ ಹರಿಯುತ್ತಿರುತ್ತದೆ. ಆ ನೀರನ್ನು ಮಳೆತೋಟಕ್ಕೆ ತಿರುಗಿಸಿದರೆ ಮೂರು ದಿನಕ್ಕೆ ನಾತ, ವಾರಕ್ಕೆ ಸೊಳ್ಳೆ, ತಿಂಗಳಿಗೆ ಜನ ಅದನ್ನು ಮಣ್ಣು ಹಾಕಿ ಮುಚ್ಚುತ್ತಾರೆ. ಮುಚ್ಚಿದರೆ ತಪ್ಪೂ ಅಲ್ಲ. ಹಾಗಾಗಿ ಯುಜಿಡಿ ಜೋಡಣೆ ಮುಗಿದ ಬೀದಿಯಿಂದಲೇ ಶುರು ಮಾಡಬೇಕು. ಮುಗಿಯದ ಕಡೆ ತಾರಸಿ ನೀರನ್ನು ಮಾತ್ರ ಹಿಡಿಯಬಹುದು.

ಎಷ್ಟೇ ಮಾಡಿದರೂ ಒಂದು ಮಿತಿ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರಿ. ಚೀನಾದಲ್ಲಿ "ಸ್ಪಾಂಜ್ ಸಿಟಿ" ಅನ್ನುವ ಹೆಸರಲ್ಲಿ ಊರೂರಿಗೇ ಈ ಕೆಲಸ ಮಾಡಿದರು. ಅದನ್ನು ಕೈಗೊಂಡ ಊರುಗಳಲ್ಲಿ ಒಂದಾದ ಝೆಂಗ್‌ಝೌದಲ್ಲಿ 2021ರ ಜುಲೈ 20ರಂದು ಒಂದೇ ಗಂಟೆಯಲ್ಲಿ 201.9 ಮಿಲಿಮೀಟರ್ ಸುರಿಯಿತು. ಮೆಟ್ರೊ ಸುರಂಗಕ್ಕೆ ನೀರು ನುಗ್ಗಿ ಜನ ಸತ್ತರು. ಅಷ್ಟು ಮಳೆಗೆ ಯಾವ ಪಾತಿಯೂ ಲೆಕ್ಕಕ್ಕಿಲ್ಲ. ಹಸಿರು ಕೆಲಸ ಎದುರಿಸುವುದು ವರ್ಷಕ್ಕೆ ಹತ್ತಾರು ಸಲ ಬರುವ ಮಾಮೂಲಿ ಜೋರು ಮಳೆಯನ್ನು. ದೊಡ್ಡದಕ್ಕೆ ರಾಜಕಾಲುವೆ, ತೆರವು ಮಾಡಿದ ಹಳ್ಳ, ಕೆರೆ ಎಲ್ಲವೂ ಬೇಕು. ಮೋರಿ ಬೇಡ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ.

ಗುಡ್ಡದ ಊರುಗಳಿಗೆ ಬೇರೆ ಮಾತು

ಇಲ್ಲಿಯವರೆಗೆ ಹೇಳಿದ್ದೆಲ್ಲ ಶಿವಮೊಗ್ಗದಂಥ ಮಟ್ಟಸ ನೆಲಕ್ಕೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆ ಗುಡ್ಡ ಕಡಿದು ಮನೆ ಕಟ್ಟಿರುತ್ತಾರೆ. ಮನೆಯ ಹಿಂದೆ ನೇರ ನಿಂತ ಧರೆ, ಅಂದರೆ ಕಡಿದ ಗುಡ್ಡದ ಗೋಡೆ. ಆ ಧರೆಯ ಮೇಲೆ ಇಂಗುಗುಂಡಿ ತೋಡಬೇಡಿ. ಮೇಲೆ ಜಂಬಿಟ್ಟಿಗೆ ಗಟ್ಟಿಯಾಗಿ ಕಂಡರೂ ಅದರ ಅಡಿಯಲ್ಲಿ ಎಷ್ಟೋ ಕಡೆ ಮೆತ್ತನೆಯ ಶೇಡಿ ಮಣ್ಣು ಇರುತ್ತದೆ. ಇಂಗಿದ ನೀರು ಅಲ್ಲಿಗೆ ಬಂದು ನಿಂತು ಮಣ್ಣಿನ ತೂಕ ಹೆಚ್ಚಿಸುತ್ತದೆ, ಹಿಡಿತ ಸಡಿಲಿಸುತ್ತದೆ. ಧರೆ ಕುಸಿಯುವುದು ಹೀಗೇ. ಅಲ್ಲಿ ಬೇಕಾದ್ದು ಇಂಗಿಸುವುದಲ್ಲ. ಧರೆಯ ತಲೆಯಲ್ಲಿ ಅಡ್ಡಲಾಗಿ ಅಗಳ ಹೊಡೆದು, ನೀರನ್ನು ಪಕ್ಕಕ್ಕೆ ತಿರುಗಿಸಿ, ಕಲ್ಲು ಹಾಸಿದ ಮೆಟ್ಟಿಲು ಮೆಟ್ಟಿಲಾದ ಕಾಲುವೆಯಲ್ಲಿ ಹಳ್ಳಕ್ಕೆ ಇಳಿಸುವುದು. ಗುಡ್ಡದ ಮೇಲಿನ ಕಾಡನ್ನು ಕಡಿಯದೆ ಬಿಡುವುದು. ಅಗಳದಲ್ಲಿ ನೀರು ನಿಲ್ಲಬಾರದು, ಅಲ್ಲಿ ನೆಲ ಬಿರುಕು ಬಿಟ್ಟರೆ ಮನೆ ಬಿಟ್ಟು ಹೊರಗೆ ಬಂದುಬಿಡಬೇಕು.

ಕೊನೆಗೆ ಉಳಿಯುವುದು ಸಂಬಾಳಿಸುವ ಕೆಲಸ. ಮಾಡುವುದಕ್ಕಿಂತ ಇದೇ ಕಷ್ಟ. ಪ್ರತಿ ಮೇ ತಿಂಗಳಲ್ಲಿ ಚರಂಡಿ ಹೂಳು ಎತ್ತುತ್ತಾರೆ, ಎತ್ತಿ ಚರಂಡಿಯ ಅಂಚಿಗೇ ಗುಡ್ಡೆ ಹಾಕುತ್ತಾರೆ. ಸಾಗಿಸುವ ಗಾಡಿ ಬರುವ ಮೊದಲು ಮಳೆ ಬರುತ್ತದೆ, ಹೂಳು ತನ್ನ ಜಾಗಕ್ಕೆ ವಾಪಸ್. ಹಸಿರು ಕಾಲುವೆ, ತಗ್ಗಿನ ಪಾರ್ಕುಗಳಿಗೂ ಇದೇ ಗತಿಯಾಗಬಾರದು ಅಂದರೆ ಟೆಂಡರಿನಲ್ಲೇ ಕಟ್ಟುವ ದುಡ್ಡಿನ ಜೊತೆ ಐದು ವರ್ಷ ನೋಡಿಕೊಳ್ಳುವ ದುಡ್ಡೂ ಸೇರಿರಬೇಕು. ನೀರು ಒಳಬರುವ ಬಾಯಲ್ಲಿ ಒಂದು ಸಣ್ಣ ತೊಟ್ಟಿ ಇದ್ದರೆ ಮಣ್ಣೆಲ್ಲ ಅಲ್ಲೇ ಕೂರುತ್ತದೆ. ಪಾತಿ ಪೂರ್ತಿ ಅಗೆಯುವ ಬದಲು ಆ ತೊಟ್ಟಿಯನ್ನು ಸಲಿಕೆಯಲ್ಲಿ ಬಳಿದರೆ ಮುಗಿಯಿತು. ಪೌರಕಾರ್ಮಿಕರಿಗೆ ಇದು ಏನು, ಯಾಕೆ ಅಂತ ಕರೆದು ತೋರಿಸಬೇಕು. ಇಲ್ಲದಿದ್ದರೆ ಕಳೆ ಅಂತ ಲಾವಂಚ ಕಿತ್ತು ಹಾಕುತ್ತಾರೆ, ಅವರ ತಪ್ಪಲ್ಲ.

ಮನೆಯ ಪಾತಿಗೆ ಇಷ್ಟೆಲ್ಲ ಬೇಡ. ಮೇ ಕೊನೆಯಲ್ಲಿ ಒಮ್ಮೆ ಪೈಪಿನ ಬಾಯಿಯ ಎಲೆ ತೆಗೆಯಿರಿ, ಮೇಲೆ ಕೂತ ನುಣ್ಣನೆಯ ಮಣ್ಣನ್ನು ಕೆರೆದು ಹಾಕಿ. ಮೊದಲ ಜೋರು ಮಳೆಗೆ ಕೊಡೆ ಹಿಡಿದು ಹೊರಗೆ ಬಂದು ನೋಡಿ. ನೀರು ಪಾತಿಗೆ ಇಳಿಯದೆ ಪಕ್ಕದಲ್ಲೇ ಹಾದುಹೋಗುತ್ತಿದ್ದರೆ ಅಂಚು ಎತ್ತರ ಆಗಿದೆ. ಗುದ್ದಲಿಯಿಂದ ಎರಡು ಇಂಚು ತಗ್ಗಿಸಿ, ಸರಿಹೋಗುತ್ತದೆ.